ಖಾಲಿ ಪೆಟ್ಟಿಗೆಗೆ ಬೇಕಾದ ಅಂಗಿ

ನಾನು ಒಂದು ಅಂಗಿ. ಹತ್ತಿಯದಲ್ಲ, ರೇಷ್ಮೆಯದೂ ಅಲ್ಲ. ಅನಾನಸ್ ಎಲೆಯ ನಾರಿನದು. ಫಿಲಿಪ್ಪೀನ್ಸ್ ದೇಶದಲ್ಲಿ ನನ್ನಂಥ ಅಂಗಿಗೆ ಬಾರೋಂಗ್ ಎನ್ನುತ್ತಾರೆ. ಪನಾಯ್ ದ್ವೀಪದ ಒಬ್ಬ ಹೆಂಗಸು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಎಲೆಯ ಹಸಿರನ್ನು ಕೆರೆದು ತೆಗೆದಳು. ಒಳಗಿದ್ದ ನಾರನ್ನು ತೊಳೆದು ಒಣಗಿಸಿ, ಒಂದರ ತುದಿಗೆ ಇನ್ನೊಂದನ್ನು ಗಂಟು ಹಾಕುತ್ತಾ ಹೋದಳು. ಗಾಳಿಗೆ ಎಳೆ ತುಂಡಾದೀತೆಂದು ಕಿಟಕಿ ಮುಚ್ಚಿ ನೇಯ್ದರು. ಆಮೇಲೆ ಹಡಗಿನಲ್ಲಿ ಬೇರೊಂದು ಊರಿಗೆ ಹೋಗಿ, ಎದೆಯ ತುಂಬ ಬಿಳಿ ಕಸೂತಿ ಹಾಕಿಸಿಕೊಂಡು ಬಂದೆ. ನಾನು ಬಹಳ ತೆಳು. ನನ್ನ ಮೂಲಕ ನೋಡಿದರೆ ಆಚೆ ಇರುವುದೆಲ್ಲ ಕಾಣುತ್ತದೆ.

ನನ್ನನ್ನು ಮಾಡಿಸಿದವಳು ಪಸಿಯೆನ್ಸಿಯಾ. ಸಂತೆಯಲ್ಲಿ ಒಣಮೀನು ಮಾರಿ ಒಬ್ಬನೇ ಮಗನನ್ನು ವಕೀಲಿಕೆ ಓದಿಸಿದವಳು. ಮಗನ ಹೆಸರು ದೊರಿಕೊ. ಅವನ ಮದುವೆಗೆಂದು ನಾನು ಬಂದೆ. ಆ ಸೀಮೆಯಲ್ಲಿ ಗಂಡಸು ಮದುವೆಗೂ ಬಾರೋಂಗ್ ತೊಡುತ್ತಾನೆ, ಕೋರ್ಟಿಗೂ ತೊಡುತ್ತಾನೆ, ಸತ್ತಾಗ ಮಲಗಿಸುವುದೂ ಅದರಲ್ಲೇ. ಅಳತೆ ತೆಗೆದ ದರ್ಜಿ, "ಹೊಟ್ಟೆ ಹತ್ತಿರ ಸ್ವಲ್ಪ ಸಡಿಲ ಬಿಡ್ತೀನಮ್ಮ, ವಕೀಲರು ದಪ್ಪ ಆಗ್ತಾರೆ" ಎಂದಿದ್ದ. ದೊರಿಕೊ ದಪ್ಪಗಾಗಲೇ ಇಲ್ಲ. ಆ ಸಡಿಲು ಕೊನೆಯವರೆಗೂ ನನ್ನಲ್ಲಿ ಹಾಗೆಯೇ ಉಳಿಯಿತು.

ಹೆಂಡತಿಯ ಹೆಸರು ಮೇದಿಂಗ್. ಓದಿದ ಹುಡುಗಿ, ಮಾತು ಕಡಿಮೆ. ನನ್ನನ್ನು ಒಗೆಯುವುದನ್ನು ಅತ್ತೆಯೇ ಅವಳಿಗೆ ಕಲಿಸಿದಳು. ಹಿಂಡಬಾರದು. ಕಲೆಯಾದರೆ ಪುಟ್ಟ ನಿಂಬೆಯ ರಸ ಹಚ್ಚಬೇಕು. ತೆಳ್ಳನೆಯ ಗಂಜಿ ಹಾಕಿ, ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಮಾಡಬೇಕು. ಊಟದ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ಅವಳು ನನ್ನನ್ನು ತೂಗುಹಾಕುತ್ತಿದ್ದಳು. ಆ ಮನೆಯ ಬಾಳನ್ನು ನಾನು ನೋಡಿದ್ದು ಅಲ್ಲಿಂದಲೇ.

ಕೋರ್ಟಿನ ಎದುರು ಮಾಳಿಗೆಯ ಮೇಲೆ ದೊರಿಕೊನ ಕಚೇರಿ ಇತ್ತು. ಊರೆಲ್ಲ ಅವನನ್ನು ಅಟಾರ್ನಿ ಎಂದೇ ಕರೆಯಿತು. ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು. ಒಂದು ದಿನ ಮೀನುಗಾರರು ಬಂದರು. ಚುನಾವಣೆ ಗೆದ್ದು ಆ ಪ್ರಾಂತ್ಯ ಆಳುವ ಗವರ್ನರನ ತಮ್ಮ ಅಳಿವೆಗೆ ಬಿದಿರಿನ ಬೇಲಿ ಹಾಕಿ, ನೀರನ್ನೆಲ್ಲ ತನ್ನ ಮೀನುಕೆರೆ ಮಾಡಿಕೊಂಡಿದ್ದ. ದೊರಿಕೊ ವರ್ಷಗಟ್ಟಲೆ ವಾದಿಸಿ ಗೆದ್ದ. ಮೀನುಗಾರರು ಬೇಲಿ ಕಿತ್ತರು. ಮರುವಾರ ಅದೇ ಜಾಗದಲ್ಲಿ ಇನ್ನೂ ಎತ್ತರದ ಬೇಲಿ ಎದ್ದಿತು. ಪೊಲೀಸರು ಅದಕ್ಕೆ ಕಾವಲು ನಿಂತರು.

ಆ ಸಂಜೆ ಅವನು ನನ್ನನ್ನು ಕಳಚದೆ ಊಟಕ್ಕೆ ಕೂತ. ಕೋರ್ಟಿನಲ್ಲಿ ಗೆದ್ದು ಏನೂ ಆಗುವುದಿಲ್ಲ, ಚುನಾವಣೆಗೆ ನಿಲ್ಲುತ್ತೇನೆ, ವಿರೋಧ ಪಕ್ಷದವರು ಕೇಳಿದ್ದಾರೆ ಎಂದ. ಮೇದಿಂಗ್ ಅವನ ತಟ್ಟೆಗೆ ಅನ್ನ ಬಡಿಸಿ, "ತೋಳಿಗೆ ಸಾರು ತಾಗತ್ತೆ, ಮಡಚಿಕೊಳ್ಳಿ" ಎಂದಳು. ಅದು ಒಪ್ಪಿಗೆ ಎಂದು ಅವನು ತಿಳಿದ.

ಆ ದೇಶದಲ್ಲಿ ವೋಟು ಬೇಕಾದವನು ಸಾವಿನ ಮನೆಗಳಿಗೆ ಹೋಗಬೇಕು. ಹೆಣ ಇಟ್ಟಷ್ಟು ದಿನವೂ ಅಲ್ಲಿ ಜನ ಸೇರುತ್ತಾರೆ, ಕಾಫಿ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ. ಅಭ್ಯರ್ಥಿ ಬಂದು ಹೂವಿಟ್ಟು, ಮನೆಯವರ ಕೈ ಹಿಡಿದು ಹೋಗುತ್ತಾನೆ. ದೊರಿಕೊನೂ ನನ್ನನ್ನು ತೊಟ್ಟು ಹೋದ. ಆದರೆ ಅವನೊಳಗಿನ ವಕೀಲ ಸುಮ್ಮನಿರಲಿಲ್ಲ. ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದರೆ ಗವರ್ನರನ ಕಡೆಯವರು ಆ ಹೆಸರಿನಲ್ಲೇ ವೋಟು ಒತ್ತುತ್ತಾರೆಂದು ಅವನಿಗೆ ಗೊತ್ತು. ಹಾಗಾಗಿ ಹೆಣದ ಪಕ್ಕದಲ್ಲೇ ನಿಂತು, ಹೆಸರು ತೆಗೆಸಲು ಅರ್ಜಿ ಕೊಟ್ಟಿರಾ ಎಂದು ವಿಚಾರಿಸುತ್ತಿದ್ದ. ಜನರಿಗೆ ನೋವಾಗುತ್ತಿತ್ತು. ಒಂದು ಮನೆಯಲ್ಲಿ ಹಿರಿಯ ಮಗ ಇಸ್ಪೀಟಿನಿಂದ ತಲೆ ಎತ್ತದೆ ಹೇಳಿದ: "ನಮ್ಮಪ್ಪ ಬದುಕಿದ್ದಾಗ ನಿಮಗೇ ಹಾಕ್ತಿದ್ದ ಅಟಾರ್ನಿ. ಇನ್ಮೇಲೆ ಗವರ್ನರ್‌ಗೆ ಹಾಕ್ತಾನೆ. ಸತ್ತವರ ಮೇಲೆ ನಮ್ಮ ಮಾತು ನಡೆಯುತ್ತಾ?"

ಎಲ್ಲರೂ ನಕ್ಕರು. ದೊರಿಕೊನೂ ನಕ್ಕ. ನನ್ನ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು.

ಆ ಸಲ ಸೋತ. ಸೋತ ಮೇಲೆ ಕಚೇರಿಗೆ ಕಕ್ಷಿಗಾರರು ಬರುವುದು ನಿಂತಿತು. ಬೀದಿಯಲ್ಲಿ ಪರಿಚಯದವರು ಎದುರಿನ ಬದಿಗೆ ದಾಟಿಕೊಂಡು ಹೋಗುತ್ತಿದ್ದರು. ಜೊತೆಗುಳಿದವನು ಅನ್ಸೆಲ್ಮೊ, ಪಕ್ಷದವನು, ದೊರಿಕೊನ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನವಾದಾಗ ಧರ್ಮತಂದೆಯಾಗಿ ನಿಂತವನು. ಹಾಗೆ ನಿಂತವನು ಮಗುವಿನ ತಾಯಿಯನ್ನು ಕುಮಾರೆ ಎಂದು ಕರೆಯಬೇಕು, ಅದು ನೆಂಟಸ್ತಿಕೆ.

ಮುಂದಿನ ಚುನಾವಣೆಗೆ ಅವನು ಮತ್ತೆ ನಿಂತಾಗ ಜನ ಅವನ ಕಡೆಗೆ ತಿರುಗಿದ್ದರು. ಸಭೆಗಳಲ್ಲಿ ಅವನನ್ನು ಮುಟ್ಟಲು, ಎಳೆಯಲು ಬರುತ್ತಿದ್ದರು. ಹಾಗೆ ಒಮ್ಮೆ ಯಾರದೋ ಅಭಿಮಾನಕ್ಕೆ ನನ್ನ ತೋಳು ಹರಿಯಿತು. ಮೇದಿಂಗ್ ಹೊಲಿಯಲು ಕೂತಿದ್ದಾಗ ದೊರಿಕೊ ಹೊರಟು ನಿಂತ. ಹತ್ತಿರದ ಹಳ್ಳಿ, ಸಣ್ಣ ಸಭೆ, ಹತ್ತಿಯ ಅಂಗಿ ಸಾಕು ಎಂದ. ಊಟಕ್ಕೆ ಬರುತ್ತೇನೆ ಎಂದ.

ಅವನು ಹೋಗಿದ್ದ ಜೀಪು ಕಬ್ಬಿನ ಗದ್ದೆಯ ಪಕ್ಕ ಸಿಕ್ಕಿತು. ಬಾಗಿಲು ತೆರೆದಿತ್ತು. ಅವನು ಸಿಗಲಿಲ್ಲ.

ಮೇದಿಂಗ್ ಪೊಲೀಸ್ ಠಾಣೆಗಳಿಗೆ, ಸೈನ್ಯದ ಶಿಬಿರಗಳಿಗೆ, ಆಸ್ಪತ್ರೆಗಳ ಶವಾಗಾರಗಳಿಗೆ ಹೋಗಿ ಬಂದಳು. ಎಲ್ಲೂ ಇಲ್ಲ ಎಂದರು. ಅವಳು ಅಳುವುದನ್ನು ನಾನು ನೋಡಲಿಲ್ಲ. ಊಟದ ಹೊತ್ತಿಗೆ ಅವನ ತಟ್ಟೆ ಇಡುತ್ತಿದ್ದಳು. ಆಮೇಲೆ ಅದನ್ನೂ ತೊಳೆದಿಡುತ್ತಿದ್ದಳು. ಮಗಳು ಅಪ್ಪ ಎಲ್ಲಿ ಎಂದು ಕೇಳುವುದನ್ನು ತಾನಾಗಿಯೇ ನಿಲ್ಲಿಸಿದಳು. ಗಂಡ ಸತ್ತವಳು ವರ್ಷವಿಡೀ ಕಪ್ಪು ಉಡಬೇಕು. ಮೇದಿಂಗ್ ಕಪ್ಪು ಉಡಲಿಲ್ಲ. ಹಾಗೆಂದು ಬಣ್ಣದ್ದನ್ನೂ ಉಡಲಿಲ್ಲ. ನನ್ನ ತೋಳಿನ ಹೊಲಿಗೆ ಮುಗಿಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಮತ್ತೆ ಮೊಳೆಗೆ ಹಾಕಿದಳು. ತೊಡದ ಅಂಗಿಗೂ ಧೂಳು ಕೂರುತ್ತದೆ. ತಿಂಗಳಿಗೊಮ್ಮೆ ಒಗೆದಳು.

ಒಂದು ಮಧ್ಯಾಹ್ನ ಅನ್ಸೆಲ್ಮೊ ಬಂದ. ಪಸಿಯೆನ್ಸಿಯಾಳೂ ಜೊತೆಗಿದ್ದಳು. ಊರ ಚೌಕದಲ್ಲಿ ದೊಡ್ಡ ಶವಯಾತ್ರೆ ಮಾಡಬೇಕೆಂದು ಪಕ್ಷ ತೀರ್ಮಾನಿಸಿತ್ತು. ಹೆಣವಿಲ್ಲ, ಪೆಟ್ಟಿಗೆಯಲ್ಲಿ ಅಟಾರ್ನಿಯ ಬಾರೋಂಗ್ ಇಡೋಣ, ಚುನಾವಣೆಗೆ ಅವರ ಜಾಗದಲ್ಲಿ ನೀವೇ ನಿಲ್ಲಬೇಕು ಕುಮಾರೆ, ಜನ ನಿಮ್ಮನ್ನು ನೋಡಿದರೆ ಸಾಕು ಎಂದ.

"ಸತ್ತಿದ್ದಾರೆ ಅಂತ ನಿಮಗೆ ಯಾರು ಹೇಳಿದರು?" ಎಂದು ಮೇದಿಂಗ್ ಕೇಳಿದಳು.

ಅವಳು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಬೆನ್ನಿಗೂ ಬಾಗಿಲಿಗೂ ನಡುವೆ ನಾನಿದ್ದೆ. ನನ್ನನ್ನು ಕೊಟ್ಟರೆ ಅವನು ಸತ್ತ ಹಾಗೆ; ಕೊಡದಿದ್ದರೆ ಅವನು ಇನ್ನೂ ದಾರಿಯಲ್ಲಿರುವ ಹಾಗೆ.

ಆಗ ಮುದುಕಿ ಬಾಯಿ ತೆರೆದಳು. "ಮೇದಿಂಗ್, ನೀನು ಕಾಯಿ. ನಿನಗೆ ವಯಸ್ಸಿದೆ. ನನಗೆ ಸತ್ತವರ ಹಬ್ಬ ಬಂದರೆ ಮೇಣದಬತ್ತಿ ಹಚ್ಚೋಕೆ ಒಂದು ಜಾಗ ಇಲ್ಲ. ಎಲ್ಲರೂ ಅವರವರ ಸಮಾಧಿ ಹತ್ತಿರ ಕೂತಿರ್ತಾರೆ. ನಾನು ಬುತ್ತಿ ಕಟ್ಟಿಕೊಂಡು ಯಾರ ಹತ್ತಿರ ಹೋಗಿ ಕೂರಲಿ?"

ಮೇದಿಂಗ್ ತಿರುಗಿ ನನ್ನನ್ನು ಮೊಳೆಯಿಂದ ತೆಗೆದಳು. ಅತ್ತೆಯ ಮಡಿಲಲ್ಲಿಟ್ಟಳು.

"ಇದನ್ನು ತಗೊಳ್ಳಿ ನನಾಯ್." ಆ ಕಡೆ ಅಮ್ಮನನ್ನು ಹಾಗೆ ಕರೆಯುತ್ತಾರೆ. ಆಮೇಲೆ ಅನ್ಸೆಲ್ಮೊನ ಕಡೆ ನೋಡಿದಳು. "ನಾನು ನಿಲ್ಲಲ್ಲ. ಸಮಾಧಿಯ ಕಲ್ಲಿನ ಮೇಲೆ ಹುಟ್ಟಿದ ದಿನ ಮಾತ್ರ ಬರೆಸಿ. ಇನ್ನೊಂದು ತಾರೀಕು ನನಗೆ ಗೊತ್ತಿಲ್ಲ."

ಖಾಲಿ ಪೆಟ್ಟಿಗೆ ಹೊತ್ತವರಿಗೆ ತೀರ ಹಗುರ ಕಾಣಬಾರದೆಂದು ನನ್ನ ಕೆಳಗೆ ಮರಳಿನ ಚೀಲಗಳನ್ನು ಇಟ್ಟರು. ಚೌಕದಲ್ಲಿ ಜನ ಅತ್ತದ್ದು ಹಲಗೆಯ ಮೂಲಕ ಕೇಳಿಸಿತು. ಮೇದಿಂಗಳ ದನಿ ಕೇಳಿಸಲಿಲ್ಲ. ಸ್ಮಶಾನದಲ್ಲಿ ಹೆಣದ ಪೆಟ್ಟಿಗೆ ಇಡಲೆಂದೇ ಕಟ್ಟಿದ ಗೋಡೆಯ ಗೂಡೊಂದರೊಳಗೆ ನನ್ನನ್ನು ತಳ್ಳಿ ಕಲ್ಲು ಮುಚ್ಚಿದರು.

ಅಲ್ಲಿ ಕತ್ತಲೆ. ನಾನು ಮರಳಿನ ಮೇಲೆ ತೋಳು ಮಡಚಿಕೊಂಡು ಮಲಗಿದೆ. ಅಕ್ಕಪಕ್ಕದ ಗೂಡುಗಳಲ್ಲಿ ಸತ್ತವರಿದ್ದರು. ನನ್ನ ಗೂಡಿನಲ್ಲಿ ಯಾರೂ ಇರಲಿಲ್ಲ. ಸತ್ತವರ ಹಬ್ಬಕ್ಕೆ ಪಸಿಯೆನ್ಸಿಯಾ ಬಂದು ಕಲ್ಲಿನ ಆಚೆ ಕೂತು, ಮಗನಿಗೆ ಊರಿನ ಸುದ್ದಿ ಹೇಳುತ್ತಿದ್ದಳು. ಅನ್ಸೆಲ್ಮೊ ಚುನಾವಣೆ ಗೆದ್ದದ್ದನ್ನು ಹೇಳಿದಳು. ಆಮೇಲೆ ಅವನು ಗವರ್ನರನ ಪಕ್ಷಕ್ಕೇ ಸೇರಿದ್ದನ್ನೂ ಹೇಳಿದಳು. ಅಳಿವೆಯ ಬೇಲಿ ಇನ್ನೂ ಇದೆ ಎಂದಳು. ಕೇಳಿಸಿಕೊಳ್ಳಲು ನಾನೊಬ್ಬನೇ ಇದ್ದೆ. ಮೇದಿಂಗ್ ಒಮ್ಮೆಯೂ ಬರಲಿಲ್ಲ. ಅವಳ ಮಟ್ಟಿಗೆ ಅವನು ಇಲ್ಲಿರಲಿಲ್ಲ.

ಒಂದು ಬೆಳಿಗ್ಗೆ ಕಲ್ಲು ಸರಿಯಿತು. ಪಸಿಯೆನ್ಸಿಯಾ ತೀರಿಕೊಂಡಿದ್ದಳು, ಮಗನ ಗೂಡಿನಲ್ಲೇ ತನ್ನನ್ನು ಇಡಬೇಕೆಂದು ಕೇಳಿಕೊಂಡಿದ್ದಳು. ಹಳಬರ ಮೂಳೆಗಳನ್ನು ಆರಿಸಿ ಚೀಲಕ್ಕೆ ಹಾಕಿ, ಹೊಸಬರ ಪಾದದ ಬಳಿ ಇಡುವುದು ಅಲ್ಲಿನ ಪದ್ಧತಿ. ಸ್ಮಶಾನದವನು ಹೊಸಬ. ಚೀಲ ಹಿಡಿದು ಪೆಟ್ಟಿಗೆ ತೆರೆದವನು, ಮರಳು ನೋಡಿ ಹಾಗೆಯೇ ನಿಂತ.

"ಮೂಳೆ ಎಲ್ಲಿ ಅಮ್ಮ?"

"ಇಲ್ಲ" ಎಂದಳು ಮೇದಿಂಗ್.

ಅವಳ ಕೂದಲು ಅಲ್ಲಲ್ಲಿ ನರೆತಿತ್ತು. ಬೂದುಬಣ್ಣದ್ದನ್ನು ಉಟ್ಟಿದ್ದಳು. ನನ್ನನ್ನು ಎತ್ತಿ ಬೆಳಕಿಗೆ ಹಿಡಿದಳು. ನಾನು ಹಳದಿಯಾಗಿದ್ದೆ, ಮಡಿಕೆಗಳಲ್ಲಿ ಎಳೆ ಬಿಟ್ಟಿತ್ತು. ನನ್ನ ಮೂಲಕ ಅವಳ ಮುಖ ಕಾಣಿಸಿತು. ಮನೆಗೆ ಒಯ್ಯುತ್ತಾಳೇನೋ ಎಂದುಕೊಂಡೆ. ಸ್ಮಶಾನದವನೂ ಹಾಗೆಯೇ ಎಣಿಸಿದ. ಸುತ್ತಲು ಕಾಗದ ಬೇಕೇ ಎಂದು ಕೇಳಿದ.

ಅವಳು ಬೇಡ ಎಂದಳು. ನನ್ನನ್ನು ನಾಲ್ಕಾಗಿ ಮಡಚಿ ಅತ್ತೆಯ ಪಾದದ ಬಳಿ ಇಟ್ಟಳು.

"ಅವರು ಬಂದರೆ ಹೊಸದು ಹೊಲಿಸ್ತೀನಿ" ಎಂದಳು.

ಕಲ್ಲು ಮತ್ತೆ ಮುಚ್ಚಿತು. ಈಗ ಆಚೆಯಿಂದ ಯಾರೂ ಸುದ್ದಿ ಹೇಳುವುದಿಲ್ಲ. ಒಬ್ಬ ಗಂಡಸಿನ ಹೆಗಲಿಗೆಂದು ನನ್ನನ್ನು ನೇಯ್ದರು. ಅವನನ್ನು ಹೆತ್ತವಳ ಕಾಲ ಬಳಿ ಇದ್ದೇನೆ. ಎಳೆಗಳು ಒಂದೊಂದಾಗಿ ಬಿಡುತ್ತಿವೆ. ಆಚೆ ಎಲ್ಲೋ ಒಂದು ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆ ಖಾಲಿಯಾಗಿಯೇ ಇರಬೇಕು.