ಒಳಗಿನ ಅಂಟು ಒಣಗುವವರೆಗೆ

ಮಾವ ಬೆಳಿಗ್ಗೆ ಎದ್ದವರೇ ಶರ್ಟಿನ ಗುಂಡಿ ಹಾಕಿಕೊಂಡು ಮೊಳೆಯಲ್ಲಿದ್ದ ಬೀಗದ ಕೈ ಗೊಂಚಲು ತೆಗೆದುಕೊಂಡರು. ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಯ ಬಾಗಿಲು ತೆಗೆಯುವವರು ಅವರೇ. ಮಗ ಸತ್ತಾಗಿನ ಮೂರು ದಿನ, ಈಗ ಜ್ವರದಲ್ಲಿ ಮಲಗಿದ ಎರಡು ದಿನ ಬಿಟ್ಟರೆ ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ಹೇಳಿಕೊಳ್ಳುವುದನ್ನು ಮಾತ್ರ ಈಚೆಗೆ ಬಿಟ್ಟಿದ್ದರು.

ಸೊಸೆ ಡಬ್ಬಿ ಕಟ್ಟುತ್ತಾ ಅವರ ಕೆಮ್ಮು ಕೇಳುತ್ತಿದ್ದಳು. ಎರಡು ದಿನದ ಜ್ವರ ನಿನ್ನೆ ಸಂಜೆ ಇಳಿದಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಗಂಟಲ ದ್ರವ ಪರೀಕ್ಷಿಸುವುದು ಅವಳ ಕೆಲಸ. ಮಾವನದನ್ನೂ ಅವಳೇ ನೋಡಿದ್ದಳು. ಫ್ಲೂ. ಹೋದ ಮಳೆಗಾಲದಲ್ಲಿ ಗಂಡನಿಗೆ ಬಂದದ್ದೂ ಅದೇ.

"ಇವತ್ತು ಹೋಗಬೇಡಿ ಮಾವ."

"ಮೈ ಹಗುರಾಗಿದೆಯಮ್ಮ. ನಮ್ಮ ಕಾರ್ಖಾನೆ ಹೊಲಿಗೆಯಕ್ಕನೂ ಕೆಮ್ಕೊಂಡೇ ಬರ್ತಾಳೆ. ಅಂಟಿನ ವಾಸನೆಗೇ ಅರ್ಧ ರೋಗ ಓಡುತ್ತೆ ಅಂತಾಳೆ."

ಶಾಲೆ ತೆರೆಯಲು ಹತ್ತೇ ದಿನ, ಪಠ್ಯಪುಸ್ತಕದ ರಾಶಿ ಸೂರು ಮುಟ್ಟಿದೆ, ಒಬ್ಬರು ಮಲಗಿದರೆ ಉಳಿದವರ ಬೆನ್ನು ಮುರಿಯುತ್ತದೆ ಎಂದರು. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

ಆಮೇಲೆ ಅವಳ ಮುಖ ನೋಡದೆ ಕೇಳಿದರು. "ಅವತ್ತು ನಾನೇ ಅವನನ್ನ ಎಬ್ಬಿಸಿ ಕಾರ್ಖಾನೆಗೆ ಕರ್ಕೊಂಡು ಹೋದೆ ಅಂತ ತಾನೇ ನಿನ್ನ ಮನಸ್ಸಲ್ಲಿರೋದು?"

ಹನ್ನೊಂದು ತಿಂಗಳಿಂದ ಇಬ್ಬರೂ ಆಡದ ಮಾತು.

"ಡಬ್ಬಿ ಕಟ್ಟಿಕೊಟ್ಟವಳು ನಾನು. ಜ್ವರ ಇಳಿದಿದೆಯಲ್ಲ ಅಂತ. ಅದೂ ಈ ರೋಗಗಳನ್ನೇ ಓದಿದವಳು."

ಅವಳು ಕೂತು ನಿಧಾನವಾಗಿ ಹೇಳಿದಳು. ಈ ವೈರಸ್ಸಿನ ಒಂದು ಪ್ರೊಟೀನ್, ಕಳ್ಳ ಮೊದಲು ನಾಯಿಯ ಬಾಯಿ ಕಟ್ಟುವಂತೆ, ದೇಹ ಕೂಗಿ ಎಚ್ಚರಿಸುವುದನ್ನು ತಡೆಯುತ್ತದೆ. ಅಷ್ಟರಲ್ಲಿ ವೈರಸ್ ಬೆಳೆಯುತ್ತದೆ. ತಡವಾಗಿ ಎಚ್ಚೆತ್ತ ದೇಹ ಕೆಲವರಲ್ಲಿ ಕಳ್ಳನ ಜೊತೆ ಮನೆಯನ್ನೂ ಬಡಿದುಹಾಕುತ್ತದೆ; ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಯಾರಿಗೆ ಹಾಗಾಗುತ್ತದೆಂದು ಅವಳೂ ಮುಂಚೆ ಹೇಳಲಾರಳು.

"ಈಗ ಹಗುರಾಗಿದೆಯಲ್ಲ," ಎಂದರು ಮಾವ. ದನಿ ತಗ್ಗಿತ್ತು.

"ಮೇಲೆ ಒಣಗಿದೆ ಅಂತ ಪುಸ್ತಕಾನ ಭಾರದಡಿಯಿಂದ ತೆಗೆದ್ರೆ ನೀವೇ ಬೈತೀರಲ್ಲ ಮಾವ. ಒಳಗಿನ ಅಂಟು ಇನ್ನೂ ಹಸಿ ಇರುತ್ತೆ ಅಂತ."

ಆ ಬೈಗುಳ ಹೆಚ್ಚು ತಿಂದವನು ಮಗ. ಮನೆಗೆ ಬಂದು ಅಪ್ಪನ ದನಿಯಲ್ಲೇ ಆಡಿ ತೋರಿಸಿ ಅವಳನ್ನು ನಗಿಸುತ್ತಿದ್ದ.

ಮಾವ ಮಂಚದ ಅಂಚಿಗೆ ಕೂತರು. ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ಹಾಕಿದರು.

"ಹೋಗ್ತಾ ಕಾಗದ ಕತ್ತರಿಸೋ ಕಟಿಂಗಿನವನಿಗೆ ಕೊಡು. ಹೊಲಿಗೆಯಕ್ಕನ್ನ ಬಾಗಿಲಲ್ಲೇ ವಾಪಸ್ ಕಳಿಸಲಿ. ಕೆಮ್ಮೋರು ಯಾರೂ ಒಳಗೆ ಬರೋದು ಬೇಡ. ನಾನು ಹೇಳಿದೆ ಅನ್ನು."

"ಪುಸ್ತಕ?"

"ನಾಲ್ಕು ದಿನ ತಡವಾದ್ರೆ ಮಕ್ಕಳೇನೂ ಅಳಲ್ಲ."

ಅವರು ಶರ್ಟಿನ ಗುಂಡಿ ಒಂದೊಂದಾಗಿ ಬಿಚ್ಚತೊಡಗಿದರು. ಅವಳು ಬಾಗಿಲವರೆಗೆ ಹೋಗಿ ನಿಂತಳು. ಅವರ ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಅದನ್ನ ಇಲ್ಲೇ ಇಡಮ್ಮ," ಎಂದರು.