ಔಡಲೆಣ್ಣೆ ಹಚ್ಚಿದ ಓಟದ ಬೂಟು

ಹೊಸ ಚಪ್ಪಲಿ ಕಚ್ಚದ ಮನೆ ನಮ್ಮ ದುಂಡಸಿಯಲ್ಲಿ ಯಾವುದಿದೆ, ನೀವೇ ಹೇಳಿ. ಮದುವೆಗೆಂದು ಕೊಂಡ ಚಪ್ಪಲಿ ಹಿಮ್ಮಡಿ ಕಚ್ಚಿ, ಅಕ್ಕಿಕಾಳು ಬೀಳುವ ಹೊತ್ತಿಗೆ ಅದನ್ನು ಕೈಯಲ್ಲಿ ಹಿಡಿದು ಕುಂಟಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕೆ ಮದ್ದೂ ನಮ್ಮಲ್ಲೇ ಇದೆ. ತೊಗಲಿನ ಚಪ್ಪಲಿಗೆ ಔಡಲೆಣ್ಣೆ ಹಚ್ಚಿ ಬಿಸಿಲಿಗೆ ಇಟ್ಟರೆ ತೊಗಲು ಮೆತ್ತಗಾಗಿ ಕಾಲಿಗೆ ಹೊಂದುತ್ತದೆ. ಅದಕ್ಕೇ ಕೊಳ್ಳುವಾಗ ಒಂದಿಷ್ಟು ಬಿಗಿಯಾದದ್ದನ್ನೇ ಕೊಳ್ಳಬೇಕು, ಮುಂದೆ ಹಿಗ್ಗಿ ಬಿಡುತ್ತದೆ ಎನ್ನುವುದು ಹಿರಿಯರ ಮಾತು. ಮಾತು ಸುಳ್ಳಲ್ಲ. ಆದರೆ ಅದೇ ಮಾತು ನಮ್ಮ ಪಕ್ಕದ ಮನೆಯ ಶೀಲಾಳ ಓಟವನ್ನು ಇನ್ನೇನು ಮುಗಿಸಿಬಿಡುತ್ತಿತ್ತು. ಆ ಕಥೆಯನ್ನೇ ಇವತ್ತು ನಮ್ಮ ಮಹಿಳಾ ಸಂಘದ ಅಕ್ಕತಂಗಿಯರ ಮುಂದೆ ಹೇಳುತ್ತೇನೆ. ಪಕ್ಕದ ಮನೆಯ ಸುದ್ದಿ ನಿನಗೇಕೆ ಎನ್ನಬೇಡಿ. ನಡುವೆ ಇರುವುದು ಒಂದೇ ಗೋಡೆ, ಅದೂ ಗಿಡ್ಡದು.

ಶೀಲಾ ನಮ್ಮ ಊರಿಗೆ ಸೊಸೆಯಾಗಿ ಬರುವ ಮೊದಲು ಶಾಲೆಯಲ್ಲಿ ಜಿಲ್ಲಾಮಟ್ಟದವರೆಗೆ ಓಡಿದ ಹುಡುಗಿ. ಮದುವೆಯಾಯಿತು, ಮಗಳು ಹುಟ್ಟಿದಳು, ಓಟ ನಿಂತಿತು. ಈ ವರ್ಷ ಯುವಕ ಸಂಘದವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕಿನವರಿಗೆಂದು ನಮ್ಮ ಗುಡ್ಡದಲ್ಲಿ ಓಟ ಇಟ್ಟರು. ಗುಡ್ಡ ಹತ್ತಬೇಕು, ಕಾಡಿನ ಅಂಚಿನ ಕಾಲುಹಾದಿ ಹಿಡಿಯಬೇಕು, ಆಚೆಯ ಇಳಿಜಾರು ಇಳಿದು ಹೊಲದ ಬದುವಿನ ಮೇಲೆ ಊರು ಸೇರಬೇಕು. ಹೆಂಗಸರಿಗೆ ಬೇರೆಯೇ ಓಟ. ಆ ಸುದ್ದಿ ಕೇಳಿದಾಗಿನಿಂದ ಶೀಲಾಳಿಗೆ ನಿಂತಲ್ಲಿ ನಿಲ್ಲಲಾಗದು, ಕುಂತಲ್ಲಿ ಕೂಡಲಾಗದು.

ಗಂಡ ಚನ್ನೇಶ ಹೂಂ ಅಂದ. ಅತ್ತೆ ಫಕ್ಕೀರವ್ವ ಅಷ್ಟು ಸಲೀಸಾಗಿ ಅನ್ನಲಿಲ್ಲ. ಫಕ್ಕೀರವ್ವ ಕೆಟ್ಟವಳಲ್ಲ, ಬಾಯಿ ಜೋರು, ಕರುಳು ಮೆತ್ತಗೆ. ಆಕೆಯ ತಂಗಿ ಅದೇ ಗುಡ್ಡದಲ್ಲಿ ಕಟ್ಟಿಗೆ ಹೊರೆ ಹೊತ್ತು ಇಳಿಯುವಾಗ ಜಾರಿ ಬಿದ್ದವಳು ಇವತ್ತಿಗೂ ಕುಂಟುತ್ತಾಳೆ. ಆ ಭಯ ಫಕ್ಕೀರವ್ವನ ಹೊಟ್ಟೆಯಲ್ಲಿ ಕುಂತುಬಿಟ್ಟಿದೆ. ಹಾಗಾಗಿ ಸೊಸೆಯನ್ನು ಕರೆದು ಒಂದೇ ಮಾತು ಹೇಳಿದಳು.

“ಓಡ್ತೀ? ಓಡು. ಆದ್ರ ಬಿದ್ದು ಬಂದ್ರ ಮತ್ತ ಓಟದ ಹೆಸರ ಈ ಮನ್ಯಾಗ ಎತ್ತಬ್ಯಾಡ.”

ಶೀಲಾ ಒಪ್ಪಿದಳು. ಒಪ್ಪದೆ ಏನು ಮಾಡಿಯಾಳು?

ಇನ್ನು ಬೂಟು ಬೇಕಲ್ಲ. ಚನ್ನೇಶ ಸವಣೂರು ಸಂತೆಗೆ ಹೊರಟಿದ್ದ. ಫಕ್ಕೀರವ್ವ ನಸುಕಿನಲ್ಲೇ ಸೊಸೆಯನ್ನು ಹೊಸ್ತಿಲ ಮೇಲೆ ಕೂಡಿಸಿ, ಅಂಗಾಲಿಗೆ ಒಂದು ಜೋಳದ ದಂಟಿನ ಕಡ್ಡಿ ಹಿಡಿದು ಅಳತೆಗೆ ಮುರಿದಳು. ಆಮೇಲೆ ತುದಿಯಲ್ಲಿ ಇನ್ನೊಂದು ಚೂರು ಮುರಿದಳು, ಬಿಗಿ ಇರಲಿ, ಮುಂದೆ ಬಿಡುತ್ತದೆ ಎಂದು. ಸವಣೂರಿನ ಅಂಗಡಿಯ ರಾಜೇಸಾಬರು ಆ ಕಡ್ಡಿ ನೋಡಿ, ಕಡ್ಡಿ ಬೇಡ, ಕಾಲನ್ನು ಕರೆದುಕೊಂಡು ಬನ್ನಿ ಎಂದು ಹೇಳಿದ್ದರಂತೆ. ನಮ್ಮವ್ವನ ಅಳತೆ ಇದುವರೆಗೆ ತಪ್ಪಿಲ್ಲ ಎಂದು ಚನ್ನೇಶ ಎದೆ ಉಬ್ಬಿಸಿದ. ಗುಲಾಬಿ ಪಟ್ಟಿ ಇದ್ದ, ನೋಡಲು ಚೆಂದವಾದ, ಅಡಿಭಾಗ ಅಂಗೈಯಂತೆ ನುಣ್ಣಗಿದ್ದ ಬೂಟು ತಂದ.

ಒಂದು ವಾರ ಶೀಲಾ ಅದರಲ್ಲೇ ಗುಡ್ಡ ಹತ್ತಿ ಇಳಿದಳು. ಕಾಲ್ಬೆರಳ ಉಗುರು ನೀಲಿಯಾಗಿ, ಆಮೇಲೆ ಕಪ್ಪಾದವು. ಬಿಡುತ್ತದೆ, ಬಿಡುತ್ತದೆ ಎಂದು ಹಲ್ಲು ಕಚ್ಚಿ ಓಡಿದಳು. ಫಕ್ಕೀರವ್ವನಿಗೆ ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಬೂಟುಗಳಿಗೆ ಒಳಗೂ ಹೊರಗೂ ಔಡಲೆಣ್ಣೆ ತಿಕ್ಕಿ, ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಬಿಸಿಲಿಗೆ ಇಟ್ಟಳು. ಕೂಸಿಗೆ ಎಣ್ಣೆ ಹಚ್ಚುವಾಗಲೂ ಯಾರೂ ಅಷ್ಟು ಪ್ರೀತಿಯಿಂದ ತಿಕ್ಕಿರಲಿಕ್ಕಿಲ್ಲ. ಮರುದಿನ ಶೀಲಾ ಅದನ್ನು ಹಾಕಿಕೊಂಡು ಹೋದಳು. ಇಳಿಜಾರಿನಲ್ಲಿ ಬೂಟಿನೊಳಗೆ ಕಾಲು ಜಾರಿತು, ಕಲ್ಲುಹರಳಿನ ಗರಸಿನ ಮೇಲೆ ಬೂಟು ಜಾರಿತು. ಮೊಣಕಾಲು ತರಚಿಕೊಂಡು ಮನೆಗೆ ಬಂದಳು.

ಬೂಟೇ ಸರಿಯಿಲ್ಲ ಅತ್ತಿ ಎಂದು ಅವಳು ಹೇಳಲು ಹೋದರೆ ಫಕ್ಕೀರವ್ವ ಕೇಳಬೇಕಲ್ಲ.

“ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ. ಬಿದ್ದಿ, ಮುಗೀತು. ಕಾಲು ಮುರದಿಲ್ಲ, ದೇವರು ದೊಡ್ಡಾಂವ.”

ಶೀಲಾ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕುಂತು ಅತ್ತಳು. ಸದ್ದಿಲ್ಲದ ಆ ಅಳು ಗೋಡೆಯ ಈಚೆಯಿಂದ ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಸುಮ್ಮನಿರುವ ಜಾತಿಯವಳಲ್ಲ ನಾನು. ಶೀಲಾಳ ಜೊತೆ ಶಾಲೆಯಲ್ಲಿ ಓಡಿದ ಗೆಳತಿ ಗುಲ್ನಾಜ ಈಗ ಸವಣೂರಿನಲ್ಲಿ ಆಟದ ಟೀಚರ್. ಅವಳಿಗೆ ನಾನೇ ಫೋನು ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದೆ.

ಗುಲ್ನಾಜ ರವಿವಾರ ಬಸ್ಸಿಳಿದು ಬಂದಳು. ಬಂದವಳು ಮೊದಲು ಫಕ್ಕೀರವ್ವನ ಕೈಯ ಚಹಾ ಕುಡಿದಳು, ಆಮೇಲೆ ಬೂಟು ತರಿಸಿ ಮೂಸಿ ನೋಡಿದಳು. ಪುಣ್ಯಕ್ಕೆ ನಗಲಿಲ್ಲ.

“ಅವ್ವಾರ, ತೊಗಲಿಗೆ ಎಣ್ಣಿ ಹಚ್ಚೂದು ಖರೇನ. ನಮ್ಮಪ್ಪನೂ ಹಚ್ಚತಿದ್ರು. ತೊಗಲು ಎಣ್ಣಿ ಕುಡದು ಬಿಡ್ತೈತಿ. ಆದ್ರ ಇದರಾಗ ತೊಗಲ ಎಲ್ಲೈತ್ರಿ? ಇದು ಅರಿವಿ, ರಬ್ಬರು, ಸ್ಪಂಜು. ಕೊಡಗಟ್ಟಲೆ ಎಣ್ಣಿ ಹಾಕಿದ್ರೂ ಬಿಡಂಗಿಲ್ಲ. ಕಾಲು ಜಾರತೈತಿ ಅಷ್ಟ.”

ಫಕ್ಕೀರವ್ವನ ಮುಖ ಸಣ್ಣದಾಯಿತು. ಹಾಗಾದರೆ ನನ್ನ ಎಣ್ಣೆಯಿಂದಲೇ ಬಿದ್ದಳು ಅಂತೀಯೇನು ಎಂದು ಕೇಳಿದಳು. ಎಣ್ಣೆಗಿಂತ ಮೊದಲು ಅಳತೆಯೇ ತಪ್ಪಿದೆ ಎಂದಳು ಗುಲ್ನಾಜ. ಬೆಳಿಗ್ಗೆ ಕುಂತಾಗ ಕಾಲು ಸಣ್ಣದಿರುತ್ತದೆ. ನಿಂತರೆ, ನಡೆದರೆ, ಓಡಿದರೆ ಉಬ್ಬುತ್ತದೆ. ಮೇಲಾಗಿ ಗುಡ್ಡ ಇಳಿಯುವಾಗ ಕಾಲು ಮುಂದಕ್ಕೆ ಒತ್ತುತ್ತದೆ, ಮುಂದೆ ಜಾಗ ಇಲ್ಲದಿದ್ದರೆ ಉಗುರು ಗೋಡೆಗೆ ಡಿಕ್ಕಿ ಹೊಡೆದಂತೆ. ಕಡ್ಡಿ ಉದ್ದ ಹೇಳುತ್ತದೆ; ಅಗಲ ಹೇಳುವುದಿಲ್ಲ, ಉಬ್ಬುವುದನ್ನೂ ಹೇಳುವುದಿಲ್ಲ.

“ಹಂಗಂತ ಸಡ್ಲ ಬೂಟ ಹಾಕ್ಕೊಂಡ್ರ ಮುಗ್ಗರಸಂಗಿಲ್ಲೇನ?” ಫಕ್ಕೀರವ್ವ ಬಿಡುವವಳೇ?

“ಎಲ್ಲಾ ಕಡೆ ಸಡ್ಲ ಅಲ್ರಿ. ಬೆರಳಿನ ಮುಂದ ಒಂದ ಹೆಬ್ಬೆರಳ ಅಗಲ ಜಾಗ. ಹಿಮ್ಮಡಿ ಮಾತ್ರ ಗಟ್ಟಿ ಕುಂದರಬೇಕು. ಇನ್ನ ತಳಾ ನೋಡ್ರಿ, ಹೆಂಗ ನುಣ್ಣಗೈತಿ. ಇದು ಡಾಂಬರ ರಸ್ತೆಕ್ಕ. ನಿಮ್ಮ ಟ್ರ್ಯಾಕ್ಟರ್ ಗಾಲಿಗೆ ಹಲ್ಲು ಯಾಕದಾವ, ಹೇಳ್ರಿ?”

ಆ ಮಾತು ಫಕ್ಕೀರವ್ವನಿಗೆ ನಾಟಿತು. ಹಲ್ಲು ಸವೆದ ಗಾಲಿಯನ್ನು ಹಸಿ ಹೊಲಕ್ಕೆ ಇಳಿಸಿದ್ದಕ್ಕೆ ಅವಳೇ ಮಗನನ್ನು ಹಿಗ್ಗಾಮುಗ್ಗಾ ಬೈದಿದ್ದಳು. ಸ್ವಲ್ಪ ಹೊತ್ತು ಬೂಟು ತಿರುಗಿಸಿ ನೋಡಿ, ನಡೀರಿ ಸವಣೂರಿಗೆ, ನಾನೂ ಬರುತ್ತೇನೆ ಎಂದಳು. ಕಣ್ಣಾರೆ ನೋಡದೆ ನಂಬುವ ಹೆಂಗಸಲ್ಲ ಅವಳು. ಬಸ್ಸಿಗೆ ಹೊರಡುವ ಮೊದಲು ಅಂಗಳದಲ್ಲಿ ಸೊಸೆಗೆ ಮೆಲ್ಲಗೆ ಹೇಳಿದ್ದು ಗೋಡೆಯ ಈಚೆಗಿದ್ದ ನನಗೂ ಕೇಳಿತು.

“ಮೊನ್ನೆ ಬಿದ್ದದ್ದು ನನ್ನ ಲೆಕ್ಕಕ್ಕ. ಓಟದ ದಿನ ಬಿದ್ರ ನಿನ್ನ ಲೆಕ್ಕಕ್ಕ.”

ಸವಣೂರಿಗೆ ಹೋದವರು ನೇರ ಅಂಗಡಿಗೆ ಹೋಗಲಿಲ್ಲ. ಗುಲ್ನಾಜ ಬೇಕೆಂದೇ ಸಂಜೆಯವರೆಗೆ ಪೇಟೆಯೆಲ್ಲ ಸುತ್ತಿಸಿದಳು, ಖಾರದ ತಿನಿಸಿನ ಅಂಗಡಿ ಮುಂದೆ ನಿಲ್ಲಿಸಿದಳು. ಕಾಲು ದಣಿದು ಉಬ್ಬಿದ ಮೇಲೆ ರಾಜೇಸಾಬರ ಅಂಗಡಿ ಹೊಕ್ಕರು. ನಾನೂ ಹೋಗಿದ್ದೆನೇ ಎಂದು ಕೇಳುವಿರಾ? ಹೋಗದೆ ಬಿಡುತ್ತೇನೆಯೇ?

ಶೀಲಾ ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಎದ್ದು ನಿಂತಳು. ರಾಜೇಸಾಬರು ಎರಡೂ ಕಾಲು ಅಳೆದರು. ಬಲಗಾಲು ಎಡಗಾಲಿಗಿಂತ ತುಸು ದೊಡ್ಡದು. ಎಲ್ಲರಿಗೂ ಹೀಗೇ ಒಂದು ಹೆಚ್ಚುಕಡಿಮೆ ಇರುತ್ತದೆ, ದೊಡ್ಡ ಕಾಲಿನ ಅಳತೆಯೇ ಹಿಡಿಯಬೇಕು ಎಂದರು. ಅವರು ಮೊದಲು ತೆಗೆದು ತೋರಿಸಿದ ಬೂಟು ತುಂಬಾ ದುಬಾರಿಯದು, ಥಳಥಳ ಹೊಳೆಯುತ್ತಿತ್ತು. ಫಕ್ಕೀರವ್ವನಿಗೆ ಮನಸ್ಸಾಯಿತು. ಆದರೆ ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿ ಮೇಲೇಳುತ್ತಿತ್ತು. ಎಷ್ಟು ದುಬಾರಿಯಾದರೇನು, ಕಾಲಿಗೆ ಹೊಂದದ್ದು ಬೂಟಲ್ಲ ಎಂದು ಗುಲ್ನಾಜ ಪಕ್ಕಕ್ಕೆ ಸರಿಸಿದಳು. ಇನ್ನೊಂದಕ್ಕೆ ಉದ್ದುದ್ದ ಹಲ್ಲು, ಒಂದರಿಂದ ಒಂದು ದೂರ. ಹತ್ತಿಮತ್ತೂರಿನ ಕಡೆಯ ಎರೆ ಹೊಲದ ಅಂಟು ಮಣ್ಣಿನಲ್ಲಿ ಓಡುವವರಿಗೆ ಅದು ಲಾಯಕ್ಕು, ನಡುವೆ ಮಣ್ಣು ಮೆತ್ತಿಕೊಳ್ಳದೆ ಉದುರುತ್ತದೆ. ನಮ್ಮ ಗುಡ್ಡದ ಗಟ್ಟಿ ಗರಸಿಗೆ ಅಷ್ಟುದ್ದ ಹಲ್ಲು ಬೇಡ, ಕಲ್ಲಿನ ಮೇಲೆ ಕಾಲು ಅಳ್ಳಾಡುತ್ತದೆ.

ಮೂರನೆಯದರ ಹಲ್ಲು ಹದವಾಗಿದ್ದವು. ಬೆರಳಿನ ಮುಂದೆ ಕಲ್ಲು ತಾಗದಂತೆ ಗಟ್ಟಿ ರಬ್ಬರಿನ ಅಂಚಿತ್ತು. ಬಣ್ಣ ಮಾತ್ರ ಸಗಣಿಯ ಬಣ್ಣ. ಫಕ್ಕೀರವ್ವ ಮೂಗು ಮುರಿಯುತ್ತಲೇ ಬಗ್ಗಿ ಬೂಟಿನ ಮೂತಿ ಒತ್ತಿ ನೋಡಿದಳು. ಹೆಬ್ಬೆರಳ ಅಗಲ ಜಾಗ ಇತ್ತು. ಆಮೇಲೆ ಸೊಸೆಯನ್ನು ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಬೆರಳು ತಾಗುತ್ತದೆಯೇ, ಹಿಮ್ಮಡಿ ಏಳುತ್ತದೆಯೇ ಎಂದು ಕೇಳಿದ್ದೇ ಕೇಳಿದ್ದು. ರಾಜೇಸಾಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಾಗೂದಿಲ್ಲ ಅತ್ತಿ, ಏಳೂದಿಲ್ಲ ಅತ್ತಿ ಎಂದು ಶೀಲಾ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಬಣ್ಣ ಗುಡ್ಡಕ್ಕೆ ಬೇಕಿಲ್ಲ, ಕಟ್ಟಿಕೊಡ್ರಿ ಎಂದಳು ಫಕ್ಕೀರವ್ವ.

ಹೊಸ ಬೂಟನ್ನು ನೇರ ಓಟದ ದಿನ ಹಾಕಬಾರದು, ಮೊದಲು ನಡೆದು, ಆಮೇಲೆ ಸ್ವಲ್ಪ ಸ್ವಲ್ಪ ಓಡಿ ರೂಢಿ ಮಾಡಿಕೊಳ್ಳಬೇಕು ಎಂದು ಗುಲ್ನಾಜ ಹೇಳಿ ಕಳಿಸಿದಳು. ಕೆಸರಾದರೆ ಬರೀ ನೀರಲ್ಲಿ ತೊಳೆದು, ಒಳಗೆ ಹಳೆಯ ಪೇಪರು ತುರುಕಿ, ನೆರಳಲ್ಲಿ ಒಣಗಿಸಬೇಕಂತೆ. ಇನ್ನು ಎಣ್ಣೆ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ, ಎಣ್ಣೆ ನನ್ನ ತಲೆಗೆ ಹಚ್ಚಿಕೊಳ್ಳುತ್ತೇನೆ ತಂಗಿ ಎಂದಳು ಫಕ್ಕೀರವ್ವ.

ಓಟದ ದಿನ ಬಂತು. ಹಿಂದಿನ ದಿನ ಮಳೆ ಹೊಡೆದು ಇಳಿಜಾರೆಲ್ಲ ಹಸಿಹಸಿ. ಎಲ್ಲರೂ ಗೆಲ್ಲುವವರನ್ನು ನೋಡಲು ಊರ ಮುಂದೆ ನಿಂತರೆ, ಫಕ್ಕೀರವ್ವ ನನ್ನನ್ನು ಎಳೆದುಕೊಂಡು ಇಳಿಜಾರಿನ ತಿರುವಿಗೆ ಬಂದಳು. ತಂಗಿ ಬಿದ್ದ ಜಾಗವೇ ಅದು. ಬಿದ್ದರೆ ಎತ್ತುವವರು ಬೇಕಲ್ಲ ಎಂದಳು.

ಮೊದಲು ಕಂಡವಳು ಹಿರೇಕೆರೂರಿನ ಅಂಕಿತಾ. ಬಾಣದಂತೆ ಬಂದವಳು ಇಳಿಜಾರಿಗೆ ಬಂದದ್ದೇ ತಡ, ನುಣುಪು ತಳದ ಬೂಟು ಜಾರತೊಡಗಿತು. ಗಿಡ ಹಿಡಿದು, ಕುಂಡಿ ಊರಿ, ಹೇಗೋ ಇಳಿಯುತ್ತಿದ್ದಳು. ಹಿಂದೆಯೇ ಶೀಲಾ. ಫಕ್ಕೀರವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ನಾನು ಸೆರಗು ಜಗ್ಗಿದೆ.

“ಕಣ್ಣು ತಗೀ ಯವ್ವಾ. ನೋಡು.”

ಶೀಲಾ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ, ಕೈ ಅಗಲಿಸಿ, ಇಳಿದು ಬಂದಳು. ಒಂದೊಂದು ಹೆಜ್ಜೆಗೂ ಬೂಟಿನ ಹಲ್ಲು ನೆಲ ಕಚ್ಚುತ್ತಿತ್ತು. ಆ ತಿರುವಿನಲ್ಲಿ ಒಂದು ಸಲವೂ ಜಾರಲಿಲ್ಲ. ನಮ್ಮ ಕಡೆ ತಿರುಗಿ ನೋಡಲೂ ಇಲ್ಲ. ಅಂಕಿತಾಳನ್ನು ದಾಟಿ, ಬದು ಹಿಡಿದು, ಹೋಗೇಬಿಟ್ಟಳು. ಫಕ್ಕೀರವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಸೀರೆ ಮೇಲೆತ್ತಿ ಸಿಕ್ಕಿಸಿ ನನ್ನ ಕೈ ಹಿಡಿದು ಅವಳೂ ಇಳಿದಳು.

ನಾವು ಊರು ಮುಟ್ಟುವಷ್ಟರಲ್ಲಿ ಹಲಗೆ ಬಾರಿಸುತ್ತಿದ್ದರು. ನಾಲ್ಕು ತಾಲ್ಲೂಕಿನ ಹೆಂಗಸರಲ್ಲಿ ನಮ್ಮ ದುಂಡಸಿಯ ಸೊಸೆ ಮೊದಲು ಬಂದಿದ್ದಳು. ಕೊರಳಲ್ಲಿ ಮಾಲೆ, ಮುಖದ ತುಂಬ ಕೆಸರು, ಓಟ ನೋಡಲು ಬಂದಿದ್ದ ಗುಲ್ನಾಜ ಅವಳನ್ನು ಅಪ್ಪಿಕೊಂಡು ಬಿಡಲೊಲ್ಲಳು. ಫಕ್ಕೀರವ್ವ ಮಂದಿಯನ್ನು ಸರಿಸಿಕೊಂಡು ಮುಂದೆ ಹೋದಳು, ನೆಲಕ್ಕೆ ಕುಂತು ಸೊಸೆಯ ಬೂಟು ಕಳಚಿ, ಒಂದೊಂದು ಬೆರಳನ್ನೂ ಮುಟ್ಟಿ ನೋಡಿದಳು. ಒಂದೂ ಹೊಸ ಗಾಯ ಇರಲಿಲ್ಲ. ಆಮೇಲೆ ಇಡೀ ಊರಿಗೆ ಕೇಳುವಂತೆ ಹೇಳಿದಳು.

“ನಾಳಿಂದ ಮುಂಜಾನಿ ರೊಟ್ಟಿ ನಾ ಬಡೀತೇನಿ. ನೀ ಓಡಾಕ ಹೋಗು.”

ಅಕ್ಕಂದಿರೇ, ತಂಗಿಯರೇ, ಇದನ್ನು ಕೇಳುತ್ತಿರುವ ಅತ್ತೆಯರೇ, ಗುಡ್ಡ, ಕಾಡು, ಹೊಲದ ಹಾದಿಯಲ್ಲಿ ಓಡಲು ಮೊದಲ ಬೂಟು ಕೊಳ್ಳುವಿರಾದರೆ ಓಡುವವರೇ ಅಂಗಡಿಗೆ ಹೋಗಲಿ, ಸಂಜೆ ಹೋಗಲಿ, ನಿಂತು ನಡೆದು ಇಳಿದು ನೋಡಲಿ. ಬೆರಳಿಗೆ ಜಾಗ, ಹಿಮ್ಮಡಿಗೆ ಹಿಡಿತ, ತಳಕ್ಕೆ ನಿಮ್ಮ ನೆಲಕ್ಕೆ ತಕ್ಕ ಹಲ್ಲು, ಇಷ್ಟಿದ್ದರೆ ಸಾಕು. ಬಣ್ಣಕ್ಕೂ ಹೆಸರಿಗೂ ಮರುಳಾಗಬೇಡಿ. ನಿಮ್ಮ ಮನೆಯಲ್ಲೂ ಓಡಬೇಕೆಂದು ಆಸೆಪಟ್ಟು ಸುಮ್ಮನಿರುವ ಹೆಣ್ಣುಮಗಳು ಇರಬಹುದು. ಇವತ್ತೇ ಅವಳನ್ನು ಕೇಳಿ. ಕಾಲಿಗೆ ಹೊಂದುವ ಬೂಟು ಕೊಡಿಸಿ, ಹಾದಿ ಬಿಡಿ, ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.