ಆಲೋರಾಣಿಗೆ ಕನ್ನಡ ಬರ್ತದ

"ಮೊದಲ ಭತ್ತ ತಿರುವಬೇ ರಂಡಿ. ದೇಶ ಆಮ್ಯಾಲ ಕೇಳೀಯಂತ."

ಮಾನ್ವಿಯ ಅಕ್ಕಿ ಮಿಲ್ಲಿನ ಸಾಹುಕಾರ ವಿರೂಪಣ್ಣ ಹೀಗೆಂದಾಗ ಆಲೋರಾಣಿ ಕುದಿಸಿದ ಭತ್ತವನ್ನು ಪಾದದಿಂದ ಕೆದಕಿ ಒಣಹಾಕುತ್ತಿದ್ದಳು. ಬಾಂಗ್ಲಾದಿಂದ ಅಪ್ಪನ ಕೈ ಹಿಡಿದು ಬಂದವಳು ಈ ಅಂಗಳದಲ್ಲೇ ದೊಡ್ಡವಳಾಗಿದ್ದಳು. ಪೌರತ್ವದ ಅರ್ಜಿಗೆ ಈಗ ಎರಡು ಕಾಗದ ಬೇಕಿತ್ತು. ಇವಳ ನಡತೆ ಒಳ್ಳೆಯದೆಂದು ಇಲ್ಲಿಯ ಪ್ರಜೆಯೊಬ್ಬರ ಪ್ರಮಾಣಪತ್ರ. ಇವಳಿಗೆ ಕನ್ನಡ ಬರುತ್ತದೆಂದು ಶಾಲೆಯ ಪತ್ರ.

"ನೀವ ಬರೆದುಕೊಡ್ರಿ ಸಾವ್ಕಾರ. ನಿಮ್ಮಲ್ಲೇ ದುಡೀತೀನಲ್ಲ."

"ಪೊಲೀಸರ್ನ ಕರೀತೀನಿ ಅಂದ್ರ ಈಗ ನಡಗತಿ. ಕಾಗದ ಸಿಕ್ಕ ಮ್ಯಾಲ ನನ್ನ ಮಾತು ಕೇಳ್ತೀಯೇನು? ಹಿಂಗ ಇರು."

ಪಕ್ಕದ ಸಾಲಿನಲ್ಲಿ ಭತ್ತ ತಿರುವುತ್ತಿದ್ದ ಅಮರಮ್ಮ ಸೆರಗು ಕೊಡವಿದಳು. "ನಾ ಬರೆಸಿಕೊಡ್ತೀನಿ ನಡಿಯವ್ವಾ. ನಾನೂ ಪ್ರಜಾನೇ ಅದೀನಿ."

"ಹೆಬ್ಬೆಟ್ಟಿನ ಪ್ರಜಾ," ಎಂದು ಸಾಹುಕಾರ ನಕ್ಕ.

"ಓಟಿನಾಗ ಇದ ಹೆಬ್ಬೆಟ್ಟಿಗೆ ಕೈ ಮುಗದಿದ್ರಿ."

ಇಬ್ಬರೂ ರಾಯಚೂರಿಗೆ ಬಸ್ಸು ಹತ್ತಿದರು. ನೋಟರಿಯ ಮುಂದೆ ಅಮರಮ್ಮ ಹೆಬ್ಬೆಟ್ಟು ಒತ್ತಿದಳು. ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ನಗುತ್ತ ಊರಿಗೆ ಬಂದರು.

ಮರುದಿನ ಶಾಲೆಗೆ ಹೋದರೆ ಮುಖ್ಯೋಪಾಧ್ಯಾಯ ಶರಣಯ್ಯನವರ ಎದುರು ವಿರೂಪಣ್ಣ ಕೂತಿದ್ದ. ಶಾಲಾ ಸಮಿತಿಯ ಅಧ್ಯಕ್ಷ ಅವನೇ.

"ಕನ್ನಡದಾಗ ಏನರ ಮಾತಾಡವ್ವಾ," ಎಂದರು ಶರಣಯ್ಯ.

ಸಾಹುಕಾರನ ಮುಖ ಕಂಡು ಆಲೋರಾಣಿ ಜೊತೆಗೆ ಬಂದಿದ್ದ ಅಮರಮ್ಮನ ಹಿಂದೆ ಸರಿದಳು.

"ನಾ ಹೇಳಲಿಲ್ಲೇನ್ರಿ ಸರ್? ಎತ್ತು ಇದ್ದಂಗ. ದುಡೀತಾಳ, ಮಾತು ಬರಂಗಿಲ್ಲ," ಎಂದ ವಿರೂಪಣ್ಣ.

"ಯಾರಿಗೋ ಎತ್ತು ಅಂತಿ, ಭಾಡ್ಯಾ?" ಆಲೋರಾಣಿಯ ದನಿ ವರಾಂಡದ ಆಚೆಗೂ ಕೇಳಿಸಿತು. "ನಿನ್ನ ಬಾಯಾಗ ಮಣ್ಣು ಬೀಳ. ನಮ್ಮ ಪಾದ ಸುಟ್ಟು ನಿನ್ನ ಮಾಳಿಗಿ ಎದ್ದದ. ಉಚ್ಚಿ ಹೊಯ್ಯಾಕ ಹೋದ್ರ ಕೂಲಿ ಮುರೀತಿ. ಹಸಿ ಬಾಣಂತಿನ ಅಂಗಳಕ್ಕ ಎಳಕೊಂಡು ಬಂದಿ. ಪೊಲೀಸರ್ನ ಕರೀತೀಯೇನು, ಕರಿಯೋ ಹಲ್ಕಟ್. ಅವರ ಮುಂದೂ ಇದ ಕನ್ನಡದಾಗ ಹೇಳ್ತೀನಿ."

ಅಮರಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಳು. ಶರಣಯ್ಯ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದರು. "ನಿರರ್ಗಳವಾಗಿ ಮಾತನಾಡುತ್ತಾರೆ ಅಂತ ಬರೀತೀನವ್ವಾ."

ವಿರೂಪಣ್ಣ ಎದ್ದು ನಿಂತ. "ನಾಳಿಂದ ಮಿಲ್ಲಿನಾಗ ಕಾಲಿಡಬ್ಯಾಡ."

"ಹಂಗಾದ್ರ ನಾವ್ಯಾರೂ ಬರಂಗಿಲ್ಲ," ಎಂದಳು ಅಮರಮ್ಮ. "ಭತ್ತ ಹಸೀದು ಬಿದ್ದದ. ಬೂಸ್ಟು ಹಿಡಿಯೂದ್ರಾಗ ನೀವ ತಿರುವಿಕೊಳ್ರಿ."

ಶರಣಯ್ಯ ಮೇಜಿನ ಡ್ರಾಯರಿನಲ್ಲಿ ಶಾಲೆಯ ಮೊಹರು ಹುಡುಕತೊಡಗಿದರು.

ಸಾಹುಕಾರ ಎದ್ದ ಕುರ್ಚಿ ಖಾಲಿ ಇತ್ತು. ಆಲೋರಾಣಿ ಅದನ್ನು ಎಳೆದುಕೊಂಡು ಕೂತಳು.